ನೋಟಿಸು ಯಾರ ಮೊಬೈಲಿಗೆ ಬರುತ್ತದೆ?

ಆದಾಯ ತೆರಿಗೆ ಇಲಾಖೆ ಈಚೆಗೆ ತಂದ ಸುಧಾರಣೆಗಳಲ್ಲಿ ನಾನು ಮನಸಾರೆ ಮೆಚ್ಚುವುದು ‘ಡಿನ್’ ಸಂಖ್ಯೆಯನ್ನು. 2019ರ ಅಕ್ಟೋಬರ್ 1ರಿಂದ ಇಲಾಖೆಯ ನೋಟಿಸು, ಆದೇಶ, ಪತ್ರಗಳ ಮೇಲೆ ಕಂಪ್ಯೂಟರ್ ಕೊಟ್ಟ ಈ ದಾಖಲೆ ಸಂಖ್ಯೆ ಇರಬೇಕೆಂಬ ನಿಯಮ ಬಂತು. ಇಲಾಖೆಯ ಜಾಲತಾಣದಲ್ಲಿ ಲಾಗಿನ್ ಆಗದೆಯೇ ಆ ಸಂಖ್ಯೆ ಹಾಕಿ, ಕಾಗದ ಅಸಲಿಯೋ ನಕಲಿಯೋ ನೋಡಬಹುದು. ದುಡ್ಡು ಖರ್ಚಿಲ್ಲ, ಯಾರ ಕೈಕಾಲು ಹಿಡಿಯಬೇಕಿಲ್ಲ.

ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಈ ಏರ್ಪಾಡು ಅರ್ಧಕ್ಕೇ ನಿಲ್ಲುತ್ತದೆ. ಇಲ್ಲಿ ಎಷ್ಟೋ ಜನ ರಿಟರ್ನ್ಸ್ ಹಾಕಿಸುವುದು ಸೈಬರ್ ಸೆಂಟರಿನಲ್ಲಿ, ಇಲ್ಲವೇ ಪರಿಚಯದ ಏಜೆಂಟರ ಹತ್ತಿರ. ಖಾತೆ ತೆರೆಯುವಾಗ ಒಟಿಪಿಗೆ ಪದೇಪದೇ ಫೋನ್ ಮಾಡುವುದು ಯಾಕೆಂದು ಅವರು ತಮ್ಮದೇ ಮೊಬೈಲ್ ನಂಬರು, ಇಮೇಲ್ ಹಾಕಿಬಿಡುತ್ತಾರೆ. ಅಸಲಿ ನೋಟಿಸು ಅವರಿಗೆ ಹೋಗುತ್ತದೆ. ನಕಲಿ ಸಂದೇಶ ಮಾತ್ರ ನೇರವಾಗಿ ನಮ್ಮ ಫೋನಿಗೆ ಬರುತ್ತದೆ. ವಂಚಕರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

2023ರಲ್ಲಿ ಹರಿದಾಡಿದ ಒಂದು ಸಂದೇಶ ನೋಡಿ. ನಿಮಗೆ 15,490 ರೂಪಾಯಿ ರೀಫಂಡ್ ಮಂಜೂರಾಗಿದೆ, ಈ ಖಾತೆ ಸಂಖ್ಯೆ ಸರಿಯಿಲ್ಲದಿದ್ದರೆ ಲಿಂಕ್ ಒತ್ತಿ ತಿದ್ದಿ ಎಂಬುದು ಅದರ ಸಾರ. ಅದು ಸುಳ್ಳೆಂದು ಕೇಂದ್ರ ಸರ್ಕಾರದ ಪಿಐಬಿ ಆಗಲೇ ಹೇಳಿತ್ತು. ಅದರ ಹೆಣಿಗೆ ಗಮನಿಸಬೇಕು. ಚಿಲ್ಲರೆ ಸಮೇತ ಇರುವ ಮೊತ್ತ ನಂಬಿಕೆ ಹುಟ್ಟಿಸುತ್ತದೆ. ಖಾತೆ ಸಂಖ್ಯೆ ನಮ್ಮದಲ್ಲವಾದ್ದರಿಂದ, ದುಡ್ಡು ಬೇರೆಯವರ ಪಾಲಾದೀತೆಂಬ ಆತುರಕ್ಕೆ ಬೆರಳು ಲಿಂಕಿನ ಮೇಲೆ ಹೋಗುತ್ತದೆ. ಇಲಾಖೆ ರೀಫಂಡ್ ಹಾಕುವುದು ಪೋರ್ಟಲಿನಲ್ಲಿ ಮೊದಲೇ ದೃಢೀಕರಿಸಿದ ಬ್ಯಾಂಕ್ ಖಾತೆಗೆ. ಅದಕ್ಕೆ ಪಿನ್ ಆಗಲಿ, ಕಾರ್ಡ್ ವಿವರವಾಗಲಿ ಬೇಕಿಲ್ಲ.

ಅಸಲಿ ಕಾಗದ ಇಷ್ಟು ಸಲೀಸಾಗಿ ಓದಿಸಿಕೊಳ್ಳುವುದಿಲ್ಲ. ರಿಟರ್ನ್ಸ್ ಪರಿಶೀಲನೆಯಾದ ಮೇಲೆ ಬರುವ 143(1) ಸೂಚನೆ ನೋಟಿಸೇ ಅಲ್ಲ, ಲೆಕ್ಕದ ಪಟ್ಟಿ: ಒಂದು ಕಡೆ ನಾವು ಹೇಳಿದ್ದು, ಇನ್ನೊಂದು ಕಡೆ ಇಲಾಖೆ ಲೆಕ್ಕ ಹಾಕಿದ್ದು. ಎರಡೂ ತಾಳೆಯಾದರೆ ಅಲ್ಲಿಗೆ ಮುಗಿಯಿತು. ಇದನ್ನು ತಯಾರಿಸುವ ಕೇಂದ್ರ ಬೆಂಗಳೂರಿನಲ್ಲೇ ಇದೆ, ಸೂಚನೆ ಮಾತ್ರ ಇಂಗ್ಲಿಷ್, ಹಿಂದಿಯಲ್ಲಿ. ಜಗಳೂರಿನ ನಿವೃತ್ತ ಮೇಷ್ಟ್ರಿಗೆ ಅರ್ಥವಾಗುವ ಒಂದು ಪುಟ ಕನ್ನಡ ಅದರ ಜೊತೆಗಿರಬೇಕಿತ್ತು. ಇದು ಇಲಾಖೆಯ ದೊಡ್ಡ ಲೋಪವೆಂದೇ ನನ್ನ ಅಭಿಪ್ರಾಯ.

ಚನ್ನಗಿರಿಯ ಅಡಿಕೆಯ ವಿಚಾರ ಸ್ವಲ್ಪ ಬೇರೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ನಿಜ. ಆದರೆ ಒಂದು ವರ್ಷದಲ್ಲಿ ಉಳಿತಾಯ ಖಾತೆಗೆ ಬಿದ್ದ ನಗದು 10 ಲಕ್ಷ ಮುಟ್ಟಿದರೆ ಬ್ಯಾಂಕು ಇಲಾಖೆಗೆ ತಿಳಿಸಬೇಕು, ಪ್ರಶ್ನೆ ಬರಬಹುದು. ಆಗ ಕಾಯುವುದು ಪಹಣಿ, ಮಂಡಿ ಅಥವಾ ಸೊಸೈಟಿಯ ಬಿಲ್ಲು. ಮರದ ಮೇಲಿನ ಫಸಲನ್ನೇ ಕೊಂಡು, ಕೊಯ್ದು, ಬೇಯಿಸಿ ಮಾರುವ ಖೇಣಿದಾರರಿಗೆ ಈ ರಕ್ಷಣೆ ಇಲ್ಲ. ಅವರ ಲಾಭ ವ್ಯಾಪಾರದ ಆದಾಯ. ಅಡಿಕೆ ಎಂದ ಮಾತ್ರಕ್ಕೆ ಎಲ್ಲವೂ ಕೃಷಿಯೆಂದು ಬರೆಸುವ ಸಲಹೆಗಾರರು ಮುಂದಿನ ನೋಟಿಸಿಗೆ ದಾರಿ ಮಾಡಿಕೊಡುತ್ತಾರೆ.

ಇವರಿಗಿಂತ ಅಪಾಯಕಾರಿ, ಹೆಚ್ಚು ರೀಫಂಡ್ ಕೊಡಿಸಿ ಅದರಲ್ಲಿ ಪಾಲು ಕೇಳುವವರು. ಕೊಡದ ಬಾಡಿಗೆ, ರಾಜಕೀಯ ಪಕ್ಷಕ್ಕೆ ಕೊಡದ ದೇಣಿಗೆ ತೋರಿಸುವುದು ಇವರ ದಾರಿ. 2025ರ ಜುಲೈ 14ರಂದು ಇಲಾಖೆ ಇಂಥ ಜಾಲದ ಮೇಲೆ ದೇಶದ 150 ಕಡೆ ಶೋಧ ನಡೆಸಿತು. ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮು ಹಿಂದಕ್ಕೆ ಪಡೆದಿದ್ದಾರೆಂದೂ ಹೇಳಿತು. ಏಜೆಂಟ್ ಕಮಿಷನ್ ತೆಗೆದುಕೊಂಡು ಹೋಗಿರುತ್ತಾನೆ. ಬಡ್ಡಿ, ದಂಡ ಪ್ಯಾನ್ ಕಾರ್ಡಿನವರ ತಲೆಗೇ.

ಅಸಲಿ ನೋಟಿಸೆಲ್ಲ ಸರಿಯಿರುತ್ತದೆಂದೂ ಅಲ್ಲ. ಅದೇ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ, ಪಕ್ಕದ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟುವಂತೆ ನೋಟಿಸು ಕೊಟ್ಟಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವಿನಾಯಿತಿ ಇರುವ ಸರಕಿನ ನೋಟಿಸುಗಳನ್ನು ಕೈಬಿಡುವುದಾಗಿ ಕೊನೆಗೆ ಮುಖ್ಯಮಂತ್ರಿಯೇ ಹೇಳಬೇಕಾಯಿತು. ಹೆದರಿ ಮುಚ್ಚಿಡುವುದಕ್ಕಿಂತ ಗಡುವಿನೊಳಗೆ ದಾಖಲೆ ಸಮೇತ ಉತ್ತರ ಕೊಡುವುದು ಮೇಲು.

ಈ ಸಲ ರಿಟರ್ನ್ಸ್ ಹಾಕಿಸಲು ಹೋದಾಗ ಪೋರ್ಟಲಿನ ಪ್ರೊಫೈಲ್ ತೆರೆಸಿ, ಅಲ್ಲಿ ಯಾರ ನಂಬರು ಇದೆ ನೋಡಿ. ನಿಮ್ಮದಲ್ಲದಿದ್ದರೆ ಅಲ್ಲೇ ನಿಂತು ಬದಲಾಯಿಸಿಕೊಳ್ಳಿ, ಪಾಸ್‌ವರ್ಡನ್ನೂ ಪಡೆದುಕೊಳ್ಳಿ. ವಂಚಕರಿಗೆ ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.