ಗುಳೆ ಬಂದವರ ಕೆಜಿಎಫ್

ನಮ್ಮ ಇಳಕಲ್, ಹುನಗುಂದದ ಕಡೆ ಕೆಜಿಎಫ್ ಅಂದ್ರ ಹುಡುಗರಿಗೆ ಕಣ್ಣಮುಂದ ಬರೋದು ಗಡ್ಡ ಬಿಟ್ಟ ರಾಕಿ ಭಾಯ್. ಬ್ಯಾರೆ ಸೀಮೆಯಿಂದ ಬಂದು ಆ ಗಣಿಗೆ ಇಳಿದವರು, ಮುಂದೆ ಕೆಂಬಾವುಟ ಹಿಡಿದವರು ಯಾರಿಗೂ ನೆನಪಾಗೋದಿಲ್ಲ. ತಪ್ಪು ಹುಡುಗರದಲ್ಲ ಬಿಡ್ರಿ. ಪ್ರಶಾಂತ್ ನೀಲ್ ಅವರ 2018ರ ಸಿನಿಮಾ, 2022ರ ಎರಡನೇ ಭಾಗ, ಎರಡೂ ಸೇರಿ ಐದು ತಾಸಿನ ಮೇಲೆ ಆಗತಾವ. ಅಷ್ಟರೊಳಗ ಅಂಥವರು ಒಬ್ಬರೂ ಸಿಗೋದಿಲ್ಲ.

ಸಿನಿಮಾದ ಕಸುಬನ್ನು ಒಪ್ಪಲೇಬೇಕು. ಭುವನ್ ಗೌಡರ ಕ್ಯಾಮೆರಾ ದೂಳು, ಮಸಿ, ಬೆಂಕಿಗಳಲ್ಲೇ ಒಂದು ಲೋಕ ಕಟ್ಟುತ್ತದೆ. ಕೋಲಾರದ ಸೈನೈಡ್ ದಿಬ್ಬಗಳಲ್ಲೇ ಸೆಟ್ ಹಾಕಿದ್ದರು. ಆದರೆ ಆ ದಿಬ್ಬ ಅಂದರೇನು? ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ. ಅದನ್ನು ನೆಲದಾಳದಿಂದ ಮೇಲಕ್ಕೆ ತಂದವರು ಕೂಲಿಗಳು. ಸಿನಿಮಾ ದೂಳನ್ನು ತಗೊಂಡಿತು, ಆ ಮಂದಿಯನ್ನು ಬಿಟ್ಟಿತು.

'ಕತಿ ಕಾಲ್ಪನಿಕ ಐತಿ, ಅದರಾಗ ಇತಿಹಾಸ ಯಾಕ ಹುಡುಕ್ತೀರಿ' ಅನ್ನಬಹುದು. ಇಸವಿ ತಪ್ಪಿದ್ದಕ್ಕೆ ನನ್ನ ತಕರಾರಿಲ್ಲ. ಕೂಲಿಯವ ಅಂದ್ರ ಯಾರು ಅಂತ ಸಿನಿಮಾ ತಿಳಕೊಂಡಿದೆಯಲ್ಲ, ತಕರಾರು ಇರೋದು ಅದರ ಬಗ್ಗೆ. ನರಾಚಿಯ ಜನಕ್ಕೆ ಹೆದರೋದು, ಅಳೋದು, ಕಾಯೋದು ಇಷ್ಟೇ ಗೊತ್ತು. ಹೊರಗಿನಿಂದ ಗಂಡುಗಲಿಯೊಬ್ಬ ಬಂದು ಗರುಡನ ತಲೆ ಕಡಿದ ಮೇಲೇ ಅವರಿಗೆ ದನಿ ಬರುತ್ತದೆ. ಆ ದನಿಯೂ ಜೈಕಾರಕ್ಕೇ ಮುಗಿಯುತ್ತದೆ. ಎರಡನೇ ಭಾಗದಲ್ಲೂ ಅವರು ಅಗಿಯುತ್ತಲೇ ಇರುತ್ತಾರೆ. ಧಣಿ ಬದಲಾದ, ಸುತ್ತಿಗೆ ಬದಲಾಗಲಿಲ್ಲ.

ನಿಜವಾದ ಕೆಜಿಎಫ್‌ನಲ್ಲಿ ನಡೆದದ್ದು ಇದಕ್ಕೆ ತಿರುಗಾಮುರುಗಾ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಕಾಲಿಟ್ಟಿತು. ಗಣಿಗೆ ಇಳಿದವರಲ್ಲಿ ಬಹಳ ಮಂದಿ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ದಲಿತರು. ಊರಲ್ಲಿ ಭೂಮಿಯಿಲ್ಲ, ಬಂದಲ್ಲಿ ತಟ್ಟಿ ಗುಡಿಸಲು. ಒಳಗೆ ಬಂಡೆ ತಾನಾಗಿ ಸಿಡಿಯುವ ಭಯ, ಹೊರಗೆ ಬಂದರೆ ಪುಪ್ಪುಸ ತಿನ್ನುವ ಸಿಲಿಕೋಸಿಸ್. 1930ರಲ್ಲಿ ಎಲ್ಲರ ಬೆರಳಚ್ಚು ತಗೋತೀವಿ ಅಂತ ಕಂಪನಿ ಹೊರಟಾಗ, 'ನಾವೇನು ಕಳ್ಳರೇ?' ಅನ್ನೋ ಸಿಟ್ಟಿನಲ್ಲಿ ಕೆಲಸ ನಿಲ್ಲಿಸಿದರು. ಆಗ ಹೇಳಿಕೊಳ್ಳುವಂಥ ಸಂಘ ಇರಲಿಲ್ಲ, ನಾಯಕನೂ ಇರಲಿಲ್ಲ. ಕಂಪನಿಯೇ ಹಿಂದೆ ಸರಿಯಿತು.

1940ರ ದಶಕದಲ್ಲಿ ಸಂಘ ಕಟ್ಟಲು ಮೈಸೂರು ಸಂಸ್ಥಾನದ ಕಾನೂನು ದಾರಿ ಬಿಟ್ಟಿತು. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಅವರಂಥ ಕಮ್ಯುನಿಸ್ಟರ ಜೊತೆ ಕೂಲಿಗಳು ನಿಂತರು. 1946ರ ಮುಷ್ಕರ ಎರಡು ತಿಂಗಳು ಮೀರಿ ನಡೆಯಿತು. ಅದೇ ವರ್ಷ ನವೆಂಬರ್ 4ರಂದು ಪೊಲೀಸರ ಕೈಯಲ್ಲಿ ಆರು ಮಂದಿ ಸತ್ತರು. 1957ರ ವಿಧಾನಸಭೆ ಚುನಾವಣೆಯಲ್ಲಿ ಕೆಜಿಎಫ್ ಗೆಲ್ಲಿಸಿದ್ದು ಕಮ್ಯುನಿಸ್ಟ್ ವಕೀಲ ಎಂ.ಸಿ. ನರಸಿಂಹನ್ ಅವರನ್ನು. ಇವರೂ ನಾಯಕರೇ. ಆದರೆ ಸಂಘದ ಚಂದಾ ಕೊಟ್ಟವರು, ಉಪವಾಸ ಬಿದ್ದವರು, ಸತ್ತವರು ಆ ಗುಡಿಸಲಿನವರೇ. ಸಿನಿಮಾ ಕಳಕೊಂಡದ್ದು ಈ ನಾಟಕವನ್ನು.

ಪಾ. ರಂಜಿತ್ ಅವರ 2024ರ 'ತಂಗಲಾನ್' ಇದೇ ನೆಲಕ್ಕೆ ಬರುತ್ತದೆ. ಜಾತಿ, ಕಳಕೊಂಡ ಭೂಮಿ, ಗುಳೆಯ ದಾರಿ ಎಲ್ಲವೂ ಅದರಲ್ಲುಂಟು. ಆದರೆ ಕತೆ ಹತ್ತೊಂಬತ್ತನೇ ಶತಮಾನದ ಪುರಾಣದಲ್ಲೇ ಸುತ್ತುತ್ತದೆ. ಕೆಂಬಾವುಟದ ತನಕ ಅದೂ ಬರೋದಿಲ್ಲ.

ಈ ಮಾತು ಬಾಗಲಕೋಟೆ ಕಡೆಯವರಿಗೆ ಯಾಕ ಬೇಕು? ಬಾದಾಮಿ, ಹುನಗುಂದದ ಹಳ್ಳಿಗಳಿಂದ ಗೋವಾ, ಮಂಗಳೂರಿಗೆ ಗುಳೆ ಹೋದವರು ಗಾರೆ ಕೆಲಸ ಮಾಡಾಕತ್ತಾರ. ಇಳಕಲ್ಲಿನ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲಿನ ದೂಳು ಇವತ್ತಿಗೂ ಏಳುತ್ತದೆ. ಲಿಂಗಸುಗೂರು ದಾಟಿದರೆ ಹಟ್ಟಿಯ ಚಿನ್ನದ ಗಣಿ. ಅಲ್ಲಿ ದಿನಾಲೂ ಜನ ನೆಲದೊಳಗೆ ಇಳೀತಾರ. ಥೇಟರಿನಾಗ ಸೀಟಿ ಹೊಡೆಯೋರಲ್ಲಿ ಎಷ್ಟೋ ಮಂದಿ ಇಂಥವರ ಮಕ್ಕಳೇ. ತಮ್ಮ ಅಪ್ಪ-ಅವ್ವ ಹಣೆ ಬಡಕೊಂಡು ರಾಕಿಯನ್ನು ಕಾಯೋ ಗುಂಪು ಅಂತ ಸಿನಿಮಾ ಅವರಿಗೆ ಹೇಳಿಕೊಡ್ತದ. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಆ ಗಣಿಯವರ ಕತೆ ತಿಳಿದರೆ, ದಿನಗೂಲಿ ಸರಿಯಾಗಿ ಕೊಡದ ಮೇಸ್ತ್ರಿಯ ಮುಂದೆ ನಾಕು ಮಂದಿ ಕೂಡಿ ನಿಂತು ಕೇಳಬಹುದು ಅನ್ನೋದಾದರೂ ಈ ಹುಡುಗರಿಗೆ ಗೊತ್ತಾದೀತು.