ಪಾಗಾರವೂ ಒಡ್ಡೂ: ಮೊಂತಾಲೆಯ ಕವಿತೆಯಲ್ಲಿ ಲಿಗೂರಿಯಾ ತೀರ

ಇಟಲಿಯ ವಾಯವ್ಯ ತೀರದಲ್ಲಿ, ಲಿಗೂರಿಯಾ ಪ್ರಾಂತದ ಬೆಟ್ಟಗಳು ಕಡಿದಾಗಿ ಸಮುದ್ರಕ್ಕೆ ಇಳಿಯುವೆಡೆಯಲ್ಲಿ, ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯಾ, ಮನರೋಲಾ, ರಿಯೊಮಜೋರೆ ಎಂಬ ಐದು ಊರುಗಳಿವೆ. ಇವಕ್ಕೆ ಒಟ್ಟಾಗಿ 'ಚಿಂಕ್ವೆ ತೆರ್ರೆ', ಎಂದರೆ ಐದು ನೆಲಗಳು, ಎಂದು ಹೆಸರು. ಊರಿಂದೂರಿಗೆ ಕಾಲ್ನಡೆಯಲ್ಲಿ ಹೋಗಿ ವಿರಾಮದ ದಿನಗಳನ್ನು ಕಳೆಯಲು ಅನೇಕ ದೇಶಗಳ ಜನರು ಇಲ್ಲಿಗೆ ಬರುವರು. ಅವರಲ್ಲಿ ಕಾವ್ಯಾಸಕ್ತಿಯುಳ್ಳವರ ಚೀಲದಲ್ಲಿ ಎವುಜೇನಿಯೊ ಮೊಂತಾಲೆಯ 'ಓಸ್ಸಿ ದಿ ಸೆಪ್ಪಿಯಾ' ಇದ್ದರೆ ಆಶ್ಚರ್ಯವಿಲ್ಲ. 1896ರಲ್ಲಿ ಜೆನೋವಾದಲ್ಲಿ ಹುಟ್ಟಿದ ಈ ಕವಿಯು ಬಾಲ್ಯದ ಬೇಸಗೆಗಳನ್ನು ಮೊಂತೆರೊಸ್ಸೊವಿನಲ್ಲಿದ್ದ ತಂದೆಯ ಮನೆಯಲ್ಲಿ ಕಳೆದನು. 1925ರಲ್ಲಿ ಗೊಬೆತ್ತಿ ಎಂಬಾತನು ತೂರಿನ್ ನಗರದಲ್ಲಿ ಪ್ರಕಟಿಸಿದ ಈ ಮೊದಲ ಸಂಕಲನವನ್ನು ಆ ತೀರವೇ ತುಂಬಿದೆ. ಕವಿಗೆ ನೊಬೆಲ್ ಬಹುಮಾನವು ಬಂದುದು ಅರ್ಧ ಶತಮಾನದ ಮೇಲೆ, 1975ರಲ್ಲಿ.

ಆದರೆ ಈ ಗ್ರಂಥವನ್ನು ಕೈದೀವಿಗೆಯಾಗಿ ಹಿಡಿದು ಆ ದಾರಿಯಲ್ಲಿ ನಡೆಯಬಹುದೆ?

ಗ್ರಂಥದ ಹೆಸರೇ ಎಚ್ಚರಿಕೆಯನ್ನು ಕೊಡುವಂತಿದೆ. ಅಲೆಯು ದಡಕ್ಕೆ ಎಸೆಯುವ ಆ ಬಿಳಿಯ ಹಗುರ ವಸ್ತುವನ್ನು ಆಯುರ್ವೇದವು ಸಮುದ್ರಫೇನವೆಂದು ಕರೆದು ಔಷಧದಲ್ಲಿ ಸೇರಿಸಿತು. ಹಾಗೆ ಹೆಸರಿಟ್ಟವರಿಗೆ ಅದರಲ್ಲಿ ನೊರೆ ಕಂಡಿತು. ಮೊಂತಾಲೆಗೆ ಕಂಡುದು ಎಲುಬು. ಕಡಲು ತಿಂದು ಉಳಿಸಿದ ಶೇಷ. ಪ್ರಕೃತಿವರ್ಣನೆಯ ಸವಿಯನ್ನರಸಿ ಬಂದವನಿಗೆ ಈತನು ನಡುಹಗಲಿನ ಬಿಸಿಲನ್ನೂ, ಬಿರಿದ ನೆಲದ ಇರುವೆಸಾಲನ್ನೂ ತೋರಿಸುವನು. ಪಂಡಿತಕವಿಗಳ ಅಪರೂಪದ ಹೆಸರಿನ ಗಿಡಬಳ್ಳಿಗಳನ್ನು ಬದಿಗಿಟ್ಟು, ಹುಡುಗರು ಹಾವುಮೀನು ಹಿಡಿಯುವ ಹೊಂಡಗಳ ಪಕ್ಕದ ನಿಂಬೆಗಿಡಗಳೇ ತನಗೆ ಸಾಕೆನ್ನುವನು. ಇದು ಬಡತನದ ಸೋಗಲ್ಲ, ದೃಷ್ಟಿಯ ಪ್ರಾಮಾಣಿಕತೆ.

ಈ ಕವಿತೆಗಳಲ್ಲಿ ಹೆಚ್ಚಾಗಿ ವ್ಯಾಖ್ಯಾನಕ್ಕೆ ಒಳಗಾದುದು ಒಂದು ಗೋಡೆ. 1916ರ ಕವಿತೆಯೊಂದರಲ್ಲಿ ಬರುವ ಆ ಗೋಡೆಯ ತಲೆಯ ಮೇಲೆ ಸೀಸೆಯ ಚೂರುಗಳನ್ನು ನೆಟ್ಟಿದೆ. ಬಾಳೆಲ್ಲವೂ ಅದರ ಬದಿಯಲ್ಲಿ ನಡೆಯುವುದೇ, ದಾಟುವುದಲ್ಲ, ಎಂಬುದು ಕವಿಯ ಭಾವ. ಆದರೆ ಅದು ಹಿತ್ತಲಿನ ಪಾಗಾರ. ಆ ಬೆಟ್ಟವನ್ನು ಹಿಡಿದು ನಿಲ್ಲಿಸಿರುವ ಗೋಡೆಯು ಬೇರೆ. ಕಾಲುದಾರಿಯ ಉದ್ದಕ್ಕೂ ಕಾಣುವುದು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಶತಮಾನಗಳಿಂದ ಕಟ್ಟುತ್ತ ಬಂದ ಒಡ್ಡು. ಮಳೆಯ ನೀರು ಸಂದುಗಳಲ್ಲಿ ಜಿನುಗಿ ಹೋಗುವುದರಿಂದ ಅದು ನಿಲ್ಲುವುದು. ನೀರು ಒಳಗೆ ನಿಂತರೆ ನೆನೆದ ಮಣ್ಣು ಗೋಡೆಯನ್ನೇ ತಳ್ಳುವುದು. ಅದರ ಹಿಂದಿನ ಕಿರಿದಾದ ಮಟ್ಟಗಳಲ್ಲಿ ದ್ರಾಕ್ಷಿಯು ಬೆಳೆಯುವುದು. ಆ ದ್ರಾಕ್ಷಿಯನ್ನು ಒಣಗಿಸಿ 'ಶಾಕ್ಕೆತ್ರಾ' ಎಂಬ ಸಿಹಿಮದ್ಯವನ್ನು ಮಾಡುವರು. ರೈಲು ನಿಲ್ದಾಣದಿಂದ ಕೊರ್ನೀಲ್ಯಾಕ್ಕೆ 382 ಮೆಟ್ಟಿಲುಗಳನ್ನು ಏರಿದವನಿಗೆ, ಬರಿಗೈಯ ನಡಿಗೆಗೇ ಇಷ್ಟು ದಣಿವಾದರೆ ಕಲ್ಲು ಹೊತ್ತವರ ಪಾಡೇನು ಎಂಬುದು ಹೊಳೆಯದೆ ಇರದು.

ಆ ಹೊತ್ತವರು ಮೊಂತಾಲೆಯ ಸಂಕಲನದಲ್ಲಿ ಬಹಳ ವಿರಳ. ಬೇಸಗೆಗೆ ಬರುವ ಮನೆಯ ಮಗನಿಗೆ ಪಾಗಾರದ ಒಳಬದಿಯೇ ಕಂಡಿತೆಂದು ಆಕ್ಷೇಪಿಸಬಹುದು. ಆಕ್ಷೇಪವು ಸುಳ್ಳಲ್ಲ, ಆದರೆ ಅಲ್ಪ. ಒಕ್ಕಲಿಗನ ಕಣ್ಣು ತನಗುಂಟೆಂದು ಕವಿಯು ಎಲ್ಲಿಯೂ ಹೇಳಿಕೊಂಡಿಲ್ಲ. ನಿಜವಾದ ವಿರೋಧವು ಇನ್ನೂ ಆಳದಲ್ಲಿದೆ. ಸಂಕಲನದ ಮೊದಲ ಕವಿತೆಯು ಬಲೆಯಲ್ಲಿ ಹರಿದ ಕಣ್ಣನ್ನು ಹುಡುಕಿ ಪಾರಾಗೆಂದು ಕರೆಯುವುದು. ನಿಂಬೆಯ ಕವಿತೆಯು ಸೃಷ್ಟಿಯ ಸರಪಳಿಯಲ್ಲಿ ಸಡಿಲವಾದ ಕೊಂಡಿಗಾಗಿ ಕಾಯುವುದು. ಕವಿಗೆ ಬಿರುಕೇ ಆಸೆ. ಒಡ್ಡನ್ನು ಕಾಯುವವನಿಗೆ ಬಿರುಕೇ ಭಯ. 2011ರ ಅಕ್ಟೋಬರ್ 25ರ ಮಳೆಯಲ್ಲಿ ವೆರ್ನಾತ್ಸಾ, ಮೊಂತೆರೊಸ್ಸೊಗಳ ಬೀದಿಗಳಿಗೆ ನುಗ್ಗಿದ ಕೆಸರುಕಲ್ಲುಗಳಲ್ಲಿ, ಆಳಿಲ್ಲದೆ ಬೀಳುಬಿದ್ದ ಮಟ್ಟಗಳಿಂದ ಜಾರಿದ ಮಣ್ಣೂ ಸೇರಿತ್ತು. 2012ರಲ್ಲಿ ಬಂಡೆಗಳು ಬಿದ್ದು ಮುಚ್ಚಿದ ರಿಯೊಮಜೋರೆ-ಮನರೋಲಾ ನಡುವಣ 'ಪ್ರೇಮಪಥ'ವು ಪೂರ್ತಿಯಾಗಿ ತೆರೆದುದು 2024ರಲ್ಲಿ. ಯುನೆಸ್ಕೊ ಸಂಸ್ಥೆಯು 1997ರಲ್ಲಿ ಈ ನೆಲವನ್ನು ವಿಶ್ವಪರಂಪರೆಯೆಂದು ಎಣಿಸಿತು. ಪಟ್ಟಿಯಲ್ಲಿ ಹೆಸರು ಬರೆದಮಾತ್ರಕ್ಕೆ ಕಲ್ಲು ನಿಲ್ಲದು.

ಹೀಗಿರಲು, ಈ ಕವಿತೆಗಳ ಶುಷ್ಕತೆಯನ್ನು ಆ ಊರಿನ ಸ್ವಭಾವವೆಂದೇ ತಿಳಿಯುವ ವಾಚಕನೂ, ಚಿತ್ರಪಟದಂತಹ ಬಣ್ಣದ ಮನೆಗಳನ್ನೇ ಊರೆಂದು ತಿಳಿಯುವ ಪ್ರವಾಸಿಯೂ ಒಂದೇ ತಪ್ಪನ್ನು ಮಾಡುವರು: ಕೈಯಿಂದ ಆದುದನ್ನು ತಾನಾಗಿ ಆದುದೆಂದು ಬಗೆಯುವರು. 1939ರ 'ಲೆ ಒಕ್ಕಾಸಿಯೋನಿ' ಸಂಕಲನದ ಸುಂಕದವರ ಮನೆಯ ಕವಿತೆಯನ್ನು ಇದರ ಜೊತೆಗಿಟ್ಟು ಓದಬೇಕು. ಕಡಲಮೇಲಣ ಬಂಡೆಯ ಅಂಚಿನ ಆ ಮನೆಯನ್ನು ಒಬ್ಬಳು ಮರೆತು ಹೋಗಿದ್ದಾಳೆ. ಅಲ್ಲಿ ಕವಿಯು ಪಾರಾಗಲು ಬಯಸುವವನಲ್ಲ. ಎಳೆಯ ಒಂದು ತುದಿಯನ್ನು ಬಿಡದೆ ಹಿಡಿದು, ಹೋದವರಾರು ಉಳಿದವರಾರು ಎಂಬುದೂ ತಿಳಿಯದೆ ನಿಂತವನು. ಕಲ್ಲು ಕಟ್ಟುವವನಿಗೆ ಮೊಂತಾಲೆಯು ಅತಿ ಸಮೀಪನಾಗುವುದು, ಕಲ್ಲಿನ ಮಾತೇ ಇಲ್ಲದ ಈ ಕವಿತೆಯಲ್ಲಿ.