ಹಚ್ಚೆಯ ಬಾಳಿಕೆ

ಹೊಸದಾಗಿ ಹಾಕಿದ ಹಚ್ಚೆಯೆಲ್ಲ ಚೆನ್ನಾಗಿಯೇ ಕಾಣುತ್ತದೆ. ಮಸಿ ಕಡುಗಪ್ಪಾಗಿರುತ್ತದೆ, ಗೆರೆಯ ಅಂಚು ಚೂಪಾಗಿರುತ್ತದೆ. ಹಾಕಿದವರ ಕೈಚಳಕ ಎಂಥದ್ದೆಂದು ತಿಳಿಯುವುದು ಗಾಯ ಮಾಗಿದ ಮೇಲೆ. ಚಿತ್ರವನ್ನು ಯೋಚಿಸಿ ಬರೆದಿದ್ದರೇ ಎಂದು ತಿಳಿಯುವುದಕ್ಕೆ ಹತ್ತು ವರ್ಷ ಬೇಕು.

ಮೊದಲ ಪರೀಕ್ಷೆ ಆಳದ್ದು. ಚರ್ಮದ ಹೊರಪದರ ಕೆಲವು ವಾರಗಳಿಗೊಮ್ಮೆ ಹೊಸದಾಗುತ್ತಲೇ ಇರುತ್ತದೆ. ಅಲ್ಲಿ ನಿಂತ ಮಸಿ ಸತ್ತ ಕೋಶಗಳ ಜೊತೆ ಉದುರಿಹೋಗುತ್ತದೆ. ಮಸಿ ಸೇರಬೇಕಾದದ್ದು ಅದರ ಕೆಳಗಿನ ಒಳಚರ್ಮಕ್ಕೆ, ಮೇಲಿಂದ ಸುಮಾರು 1ರಿಂದ 2 ಮಿಲಿಮೀಟರ್ ಒಳಗೆ. ಸೂಜಿ ಅದಕ್ಕಿಂತ ಕೆಳಗಿಳಿದರೆ ಮಸಿ ಕೊಬ್ಬಿನ ಪದರಕ್ಕೆ ಹರಿದು, ಗೆರೆಯ ಸುತ್ತ ನೀಲಿ ನೆರಳು ಕಟ್ಟುತ್ತದೆ. ಮೊಣಕೈಯಲ್ಲಿ, ಪಕ್ಕೆಯಲ್ಲಿ, ಮಣಿಕಟ್ಟಿನ ಒಳಬದಿಯಲ್ಲಿ ಚರ್ಮದ ದಪ್ಪ ಬೇರೆ ಬೇರೆ. ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯ ಒತ್ತಡವನ್ನು ಜಾಗಕ್ಕೆ ತಕ್ಕಂತೆ ಬದಲಿಸುತ್ತ ಹೋಗುವುದೇ ಈ ಕಸುಬಿನ ನಿಜವಾದ ವಿದ್ಯೆ. ಚಿತ್ರ ಬರೆಯಬಲ್ಲವರೆಲ್ಲರಿಗೂ ಇದು ಬರುವುದಿಲ್ಲ.

ಒಳಚರ್ಮ ಸೇರಿದ ಮಸಿ ಅಲ್ಲಿ ಸುಮ್ಮನೆ ಬಿದ್ದಿರುವುದಿಲ್ಲ. ಹೊರಗಿನಿಂದ ಬಂದದ್ದನ್ನು ನುಂಗುವ ರಕ್ಷಣಾ ಕೋಶಗಳು ಮಸಿಯ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಆ ಕೋಶ ಸತ್ತಾಗ ಕಣಗಳು ಹೊರಬೀಳುತ್ತವೆ, ಹೊಸ ಕೋಶ ಬಂದು ಅದೇ ಜಾಗದಲ್ಲಿ ಮತ್ತೆ ನುಂಗುತ್ತದೆ. ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಇದನ್ನು ತೋರಿಸಿದರು. ಕಾಲ ಕಳೆದಂತೆ ಕಣಗಳು ಅಷ್ಟಿಷ್ಟು ಸರಿಯುವುದರಿಂದ ಎಷ್ಟೇ ಒಳ್ಳೆಯ ಗೆರೆಯೂ ಕೊಂಚ ದಪ್ಪವಾಗುತ್ತದೆ.

ಮಸಿಗಳಲ್ಲಿ ಇಂಗಾಲದ ಕಪ್ಪಿಗೆ ಸಾಟಿಯಿಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5300 ವರ್ಷ ಹಿಂದಿನ ಓಟ್ಜಿ ಎಂಬ ಮನುಷ್ಯನ ಮೈಮೇಲಿನ 61 ಹಚ್ಚೆ ಗುರುತುಗಳು ಇಂಗಾಲದ ಮಸಿಯವೇ. ನಮ್ಮ ಅಜ್ಜಿಯರ ಕೈಮೇಲಿನ ಹಚ್ಚೆಯೂ ದೀಪದ ಕಾಡಿಗೆಯದು. ಚರ್ಮದ ಮೂಲಕ ಕಂಡಾಗ ಆ ಕಪ್ಪು ಹಸಿರುನೀಲಿಯಾಗುತ್ತದೆ. ಪಚ್ಚೆ ಎಂಬ ಮಾತಿಗೂ ಹಚ್ಚೆಗೂ ಇರುವ ನಂಟು ಇಲ್ಲಿಯದು. ಕೆಂಪು, ಹಳದಿಯ ಅನೇಕ ಸಾವಯವ ಬಣ್ಣಗಳು ಬಿಸಿಲಿನ ಅತಿನೇರಳೆ ಕಿರಣಕ್ಕೆ ಒಡೆಯುತ್ತವೆ. ಕಂದು ಮೈಬಣ್ಣದವರಲ್ಲಿ ಇನ್ನೊಂದು ಮಾತಿದೆ: ಮೈಬಣ್ಣ ಕೊಡುವ ಮೆಲನಿನ್ ಮಸಿಗಿಂತ ಮೇಲಿನ ಪದರದಲ್ಲಿರುವುದರಿಂದ ತಿಳಿ ಬಣ್ಣಗಳು ಅದರ ಅಡಿಯಲ್ಲಿ ಮಂಕಾಗುತ್ತವೆ. ಅವನ್ನು ಎದ್ದುಕಾಣಿಸಲೆಂದು ಮತ್ತೆ ಮತ್ತೆ ಚುಚ್ಚಿದರೆ ಕಲೆ ಉಬ್ಬುತ್ತದೆ. ಕಪ್ಪನ್ನೇ ನೆಚ್ಚಿ, ನಡುನಡುವೆ ಬರಿಯ ಚರ್ಮವನ್ನೇ ಬೆಳಕಾಗಿ ಬಿಡುವವರು ಬಲ್ಲವರು.

ಗೆರೆ ದಪ್ಪವಾಗುವುದು ಖಚಿತವಾದ್ದರಿಂದ ಚಿತ್ರದಲ್ಲಿ ಅದಕ್ಕೆ ಮೊದಲೇ ಜಾಗ ಬಿಡಬೇಕು. ಇಂದಿನ ಬಹುತೇಕ ಹಚ್ಚೆಗಳು ಸೋಲುವುದು ಇಲ್ಲಿಯೇ, ಅದರಲ್ಲೂ ಕನ್ನಡದ ಬರಹ. ದುಂಡು ಲಿಪಿಯ ಒಡಲೆಲ್ಲ ಸಣ್ಣ ಸುರುಳಿಗಳು. ‘ದ’ದ ಬುಡವನ್ನು ಸೀಳಿದರೆ ‘ಧ’, ಅದರ ಹೊಟ್ಟೆಯಲ್ಲಿ ಚುಕ್ಕಿಯಿಟ್ಟರೆ ‘ಥ’. ಮಣಿಕಟ್ಟಿನ ಮೇಲೆ ಅರ್ಧ ಸೆಂಟಿಮೀಟರ್ ಎತ್ತರದಲ್ಲಿ ಬರೆಸಿದ ‘ಧರ್ಮ’ದಲ್ಲಿ ಮೊದಲು ಮುಚ್ಚುವುದು ಆ ಸೀಳು, ಅರ್ಕಾವತ್ತು ಕಲೆಯಂತೆ ಕಾಣುತ್ತದೆ. ಕಂಪ್ಯೂಟರಿನ ಅಚ್ಚಕ್ಷರವನ್ನು ಹಾಗೆಯೇ ಚರ್ಮಕ್ಕೆ ಇಳಿಸುವುದು ಸೋಮಾರಿತನ. ಅಕ್ಷರವನ್ನು ದೊಡ್ಡದಾಗಿ, ಸುರುಳಿಗಳನ್ನು ಅಗಲವಾಗಿ, ಒತ್ತನ್ನು ತುಸು ದೂರವಾಗಿ ಕೈಯಿಂದಲೇ ಬರೆದುಕೊಂಡ ಹಚ್ಚೆ ಓದಲು ಉಳಿಯುತ್ತದೆ.

ಊರೂರು ತಿರುಗಿ ಹಚ್ಚೆ ಹೊಯ್ಯುತ್ತಿದ್ದ ಕೊರವಂಜಿಯರಿಗೆ ಈ ಅರಿವಿತ್ತು. ಅವರ ಚುಕ್ಕಿ, ಚೇಳು, ರಂಗೋಲಿ ಎಳೆಗಳ ನಡುವೆ ಧಾರಾಳ ಬಯಲಿದೆ. ಚುಕ್ಕಿ ಹರಡಿದರೂ ಚುಕ್ಕಿಯಾಗಿಯೇ ಇರುತ್ತದೆ. ಆದರೆ ಅವರದನ್ನೆಲ್ಲ ಹೊಗಳುವಂತಿಲ್ಲ: ಒಂದೇ ಸೂಜಿಯನ್ನು ಹಲವರಿಗೆ ಚುಚ್ಚುವುದು ಹೆಪಟೈಟಿಸ್‌ನಂಥ ರೋಗ ಹರಡುವ ದಾರಿ. ಜಾತ್ರೆಗಳಲ್ಲಿ ಯಂತ್ರ ಹಿಡಿದು ಕೂರುವವರ ಬಳಿ ಈ ಅಪಾಯ ಈಗಲೂ ಇದೆ. ಹೊಸ ಸೂಜಿ, ಹೊಸ ಕೈಗವಸು ಇಲ್ಲದ ಕಡೆ ಕಲೆಯ ಗುಣದ ಮಾತೇ ಬೇಡ.

ಉಳಿದದ್ದು ಆರೈಕೆ. ಎರಡರಿಂದ ನಾಲ್ಕು ವಾರದಲ್ಲಿ ಮೇಲಿನ ಗಾಯ ಮಾಗುತ್ತದೆ. ಅಷ್ಟರೊಳಗೆ ಹಕ್ಕಳೆ ಕಿತ್ತರೆ ಮಸಿಯೂ ಕಿತ್ತುಬರಬಹುದು. ಆಮೇಲಿನ ಶತ್ರು ಬಿಸಿಲು. ಬಟ್ಟೆಯ ಮರೆಯಲ್ಲಿರುವ ಹಚ್ಚೆ ಹೆಚ್ಚು ಬಾಳುತ್ತದೆ. ಬೆರಳು, ಅಂಗೈ, ಅಂಗಾಲುಗಳಲ್ಲಿ ತಿಕ್ಕಾಟಕ್ಕೆ ಬೇಗ ಮಾಸುತ್ತದೆ. ಮಾಸಿದ ಗೆರೆಯ ಮೇಲೆ ಮತ್ತೆ ಸೂಜಿಯಾಡಿಸಿ ಕಪ್ಪು ತುಂಬಬಹುದು. ಹರಡಿದ ಗೆರೆಯನ್ನು ಸೂಜಿಯಿಂದ ಸಣ್ಣದು ಮಾಡಲಾಗದು. ಲೇಸರ್‌ನಿಂದ ಅಳಿಸಬೇಕು, ಇಲ್ಲವೇ ಅದಕ್ಕಿಂತ ದೊಡ್ಡ ಚಿತ್ರವೊಂದರ ಅಡಿಯಲ್ಲಿ ಮುಚ್ಚಬೇಕು.